ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಷನ್: ಮುಂಬೈ ಮಾಸ್ತರನೊಬ್ಬನ ವಿಮರ್ಶೆ

ದುಡ್ಡಿನ ವಿಷಯ ಮೊದಲು. ಇದು ಪೂರ್ತಿ ಪುಕ್ಕಟೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್ ಅಂತ ಒಂದು ಮ್ಯೂಸಿಯಂ ಇದೆ. ಅವರು 2015ರಲ್ಲಿ ಶುರು ಮಾಡಿದ ‘ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಷನ್’ ಅನ್ನುವ ವೆಬ್‌ಸೈಟಿನ ಬಗ್ಗೆ ಈ ಬರಹ. ಅದರಲ್ಲಿ ಅಮೆರಿಕದ ಸಂವಿಧಾನದ ಯಾವ ಕಲಮನ್ನು ಒತ್ತಿದರೂ ಅದರ ವಿವರಣೆ ತೆರೆದುಕೊಳ್ಳುತ್ತದೆ. ನಾನು ಬಳಸಿದ್ದು ಮುಖ್ಯವಾಗಿ ಎರಡು ಕಡೆ. ಬಂದೂಕಿನ ಹಕ್ಕು ಹೇಳುವ ಎರಡನೇ ತಿದ್ದುಪಡಿ, ಮತ್ತೆ ಪೊಲೀಸರ ಶೋಧಕ್ಕೆ ಲಗಾಮು ಹಾಕುವ ನಾಲ್ಕನೇ ತಿದ್ದುಪಡಿ. ಎರಡೂ 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು.

ಮುಂಬೈಯ ಕನ್ನಡ ಮಾಸ್ತರನಿಗೆ ಇದರ ಗೊಡವೆ ಯಾಕೆ ಅಂತ ಕೇಳಬಹುದು. ಒಂದು ಕಾಲದಲ್ಲಿ ನಾನು ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಬಂದು ಎಸ್‌ಎಸ್‌ಸಿಗೆ ಓದುತ್ತಿದ್ದ ಹುಡುಗರು ಅವರು. ಆ ಕಾಲ ಮುಗಿಯಿತು. ಈಗ ಅವರ ಮೊಮ್ಮಕ್ಕಳು ಮುಲುಂಡ್, ಡೊಂಬಿವಲಿ, ನೆರೂಲ್ ಕಡೆಯಿಂದ ಭಾನುವಾರ ಮಾಟುಂಗಕ್ಕೆ ಬರುತ್ತಾರೆ. ಜಾಸ್ತಿ ಮಕ್ಕಳು ಲಾ ಸಿಇಟಿಗೆ ಓದುವವರು. ಒಬ್ಬಳು ಇಂಟರ್‌ನ್ಯಾಷನಲ್ ಶಾಲೆಯವಳು, ಅಮೆರಿಕದ ಸರಕಾರ ಮತ್ತು ರಾಜಕೀಯದ ಎಪಿ ಪರೀಕ್ಷೆ (ಹೈಸ್ಕೂಲು ಮಕ್ಕಳಿಗೆ ಅಮೆರಿಕದವರು ನಡೆಸುವ ಕಾಲೇಜು ಮಟ್ಟದ ಪರೀಕ್ಷೆ) ಕಟ್ಟಿದ್ದಾಳೆ. ಉಳಿದವರು ಅಮೆರಿಕದ ಪೊಲೀಸ್ ಸೀರಿಯಲ್ ನೋಡಿ ನೋಡಿ ಅರ್ಧ ವಕೀಲರಾಗಿದ್ದಾರೆ. ಬಾಗಿಲಲ್ಲಿ ನಿಂತು ‘ವಾರಂಟ್ ಎಲ್ಲಿ?’ ಅಂದರೆ ಪೊಲೀಸರು ಟೋಪಿ ತೆಗೆದು ವಾಪಸ್ ಹೋಗುತ್ತಾರೆ ಅಂತ ಅವರ ನಂಬಿಕೆ. ದಾದರ್ ಸ್ಟೇಷನ್ನಿನಲ್ಲಿ ಬ್ಯಾಗ್ ತಪಾಸಣೆಗೆ ನಿಲ್ಲಿಸಿದಾಗಲೂ ಅದೇ ಪ್ರಶ್ನೆ ಕೇಳಬಹುದು ಅಂದುಕೊಂಡಿದ್ದರು.

ಆ ಎಪಿ ಹುಡುಗಿಯ ಅಪ್ಪ ಮೊದಲು ಒಂದು ಆನ್‌ಲೈನ್ ಪ್ಯಾಕೇಜ್ ತೆಗೆದುಕೊಂಡಿದ್ದರು. ಯಾರದ್ದು ಅಂತ ಹೇಳುವುದು ಬೇಡ. ಬೆಲೆಯೇನೂ ಕಡಿಮೆಯಲ್ಲ. ಅದರಲ್ಲಿ ಕೋಟು ಹಾಕಿದ ಒಬ್ಬ ಮನುಷ್ಯ ಸ್ಲೈಡ್ ಓದುತ್ತಾನೆ, ಅಷ್ಟೇ. ಎರಡನೇ ತಿದ್ದುಪಡಿ ಅಂದರೆ ಬಂದೂಕಿನ ಹಕ್ಕು. ನಾಲ್ಕನೆಯದು ಅಂದರೆ ವಾರಂಟ್ ಇಲ್ಲದೆ ಶೋಧ ಇಲ್ಲ. ಮುಂದಿನ ಸ್ಲೈಡ್. ಎರಡೂ ಅರ್ಧ ಸತ್ಯ. ದುಡ್ಡು ವಾಪಸ್ ಕೇಳಿದರೆ ಏಳು ದಿನ ದಾಟಿದೆ ಅಂದರಂತೆ.

ಇಂಟರಾಕ್ಟಿವ್ ಕಾನ್‌ಸ್ಟಿಟ್ಯೂಷನ್ನಿನ ಹೆಚ್ಚುಗಾರಿಕೆ ಇರುವುದು ಅದರ ಕಟ್ಟೋಣದಲ್ಲಿ. ಒಂದೊಂದು ಕಲಮಿಗೂ ಇಬ್ಬರು ವಿದ್ವಾಂಸರು. ಒಬ್ಬರನ್ನು ಫೆಡರಲಿಸ್ಟ್ ಸೊಸೈಟಿ ಅನ್ನುವ ಬಲಪಂಥದ ವಕೀಲರ ಸಂಘ ಸೂಚಿಸುತ್ತದೆ. ಇನ್ನೊಬ್ಬರನ್ನು ಎದುರು ಪಾಳಯದ ಅಮೆರಿಕನ್ ಕಾನ್‌ಸ್ಟಿಟ್ಯೂಷನ್ ಸೊಸೈಟಿ ಸೂಚಿಸುತ್ತದೆ. ಇಬ್ಬರೂ ಸೇರಿ, ತಮ್ಮಲ್ಲಿ ತಕರಾರಿಲ್ಲದ ಸಂಗತಿ ಎಷ್ಟು ಅಂತ ಮೊದಲು ಒಂದು ಜಂಟಿ ಪ್ರಬಂಧ ಬರೆಯಬೇಕು. ಆಮೇಲೆ ಬೇರೆ ಬೇರೆಯಾಗಿ ತಮ್ಮ ತಮ್ಮ ವಾದ. ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರು ಮೊದಲು ಜಗಳವಿಲ್ಲದ ಗದ್ದೆಗಳ ಪಟ್ಟಿಗೆ ಸಹಿ ಹಾಕುತ್ತಾರಲ್ಲ, ಹಾಗೆ. ಟಿವಿ ಚರ್ಚೆಗಳಲ್ಲಿ ಎಲ್ಲರೂ ಒಟ್ಟಿಗೆ ಕಿರುಚುವುದನ್ನೇ ವಾದ ಅಂದುಕೊಂಡ ಮಕ್ಕಳಿಗೆ ಇದು ಹೊಸದು.

ಎರಡನೇ ತಿದ್ದುಪಡಿಗೆ ಬರೆದವರು ನೆಲ್ಸನ್ ಲಂಡ್ ಮತ್ತು ಆಡಮ್ ವಿಂಕ್ಲರ್. ಮೂಲ ಕಲಮು ಇಂಗ್ಲಿಷಿನಲ್ಲಿ ಬರೇ 27 ಪದ. ಮೊದಲ ಅರ್ಧದಲ್ಲಿ ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಾದ ಜನಸೇನೆ ಬೇಕು ಅನ್ನುತ್ತದೆ. ಉಳಿದರ್ಧದಲ್ಲಿ ಆಯುಧ ಇಟ್ಟುಕೊಳ್ಳುವ, ಹೊರುವ ಜನರ ಹಕ್ಕಿಗೆ ಕೈ ಹಾಕಬಾರದು ಅನ್ನುತ್ತದೆ. ಹಕ್ಕು ಜನಸೇನೆಗೆ ಮಾತ್ರವೋ, ಮನೆಯಲ್ಲಿ ಕೂತ ಒಬ್ಬೊಬ್ಬನಿಗೂ ಇದೆಯೋ? ಇವತ್ತಿನ ಜಗಳವೆಲ್ಲ ಇದೇ. ಆದರೆ ತಿದ್ದುಪಡಿ ಬಂದು ಎಷ್ಟೋ ಕಾಲದವರೆಗೆ ಈ ಪ್ರಶ್ನೆಯನ್ನು ಯಾರೂ ಎತ್ತಿರಲೇ ಇಲ್ಲ ಅಂತ ಇಬ್ಬರೂ ಒಟ್ಟಿಗೆ ಬರೆದಿದ್ದಾರೆ. ನಮ್ಮ ಮಕ್ಕಳು ಇಲ್ಲಿ ಕಣ್ಣರಳಿಸಿದರು.

ನಾನು ಲೇಖಕರ ಹೆಸರು ಮುಚ್ಚಿ ಇಬ್ಬರ ವಾದವನ್ನೂ ಝೆರಾಕ್ಸ್ ಮಾಡಿಸಿ ಹಂಚಿದೆ. ಬಂದೂಕಿನ ಹಕ್ಕೂ ಅದರ ಮೇಲಿನ ನಿಯಂತ್ರಣವೂ ಆ ದೇಶದಲ್ಲಿ ಶುರುವಿನಿಂದ ಜೊತೆಜೊತೆಯಾಗೇ ಬಂದಿವೆ ಅನ್ನುವುದು ವಿಂಕ್ಲರ್ ವಾದ. ಈ ಹಕ್ಕನ್ನು ಕೋರ್ಟುಗಳು ಎರಡನೇ ದರ್ಜೆಗೆ ಇಳಿಸಿವೆ ಅನ್ನುವುದು ಲಂಡ್ ಸಿಟ್ಟು. ಯಾವುದು ಯಾರದ್ದು ಅಂತ ಊಹಿಸಬೇಕು. ಕಾಲು ಗಂಟೆ ಗಲಾಟೆಯೋ ಗಲಾಟೆ.

ತೀರ್ಪುಗಳನ್ನು ಬೇಗ ಹೇಳಿ ಮುಗಿಸಿದೆ. 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರಿಂದ, ಮನೆಯಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂದಿತು. ಅದೇ ತೀರ್ಪಿನಲ್ಲಿ, ಗಂಭೀರ ಅಪರಾಧ ಮಾಡಿದವರಿಗೆ ಬಂದೂಕು ಬೇಡ, ಶಾಲೆಗಳಲ್ಲಿ ಬೇಡ ಅನ್ನುವ ಕಾನೂನುಗಳಿಗೆ ಅಡ್ಡಿಯಿಲ್ಲ ಅಂತಲೂ ಇದೆ. ಕೋಟಿನ ಮನುಷ್ಯ ಈ ಮಾತನ್ನು ಬಿಟ್ಟೇಬಿಟ್ಟಿದ್ದ. 2010ರ ಮೆಕ್‌ಡೊನಾಲ್ಡ್ ಪ್ರಕರಣ ಆ ಹಕ್ಕನ್ನು ರಾಜ್ಯಗಳಿಗೂ ಅನ್ವಯಿಸಿತು. ಎಪಿ ಪರೀಕ್ಷೆಗೆ ಇದು ಓದಲೇಬೇಕಾದ ಪ್ರಕರಣ. 2022ರ ಬ್ರೂಯೆನ್, ಬಂದೂಕಿನ ಕಾನೂನುಗಳನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಿ ಅಂದಿತು. 2024ರ ರಹೀಮಿ ತೀರ್ಪು, ಮನೆಯವರಿಗೆ ಅಪಾಯ ಅಂತ ಕೋರ್ಟಿನ ಆದೇಶ ಇರುವವನ ಕೈಯಿಂದ ಬಂದೂಕು ಕಿತ್ತುಕೊಳ್ಳಬಹುದು ಅಂತ 8-1ರಿಂದ ಹೇಳಿತು.

ಅಷ್ಟರಲ್ಲಿ ಕೊಡಗಿನ ಮೂಲದ ಹುಡುಗಿ ಕೈ ಎತ್ತಿದಳು. “ಸರ್, ನಮ್ಮ ಅಜ್ಜನ ಮನೆಯಲ್ಲಿ ಕೋವಿ ಇದೆ. ಲೈಸೆನ್ಸ್ ಇಲ್ಲ.”

“ಹಾಗಾದ್ರೆ ಅಜ್ಜ ಒಳಗೆ!” ಅಂದ ಹಿಂದೆ ಕೂತಿದ್ದ ಹೋಟೆಲಿನವರ ಮಗ.

ಅಜ್ಜ ಒಳಗೆ ಹೋಗುವುದಿಲ್ಲ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡವರ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸುವುದನ್ನು ಆ ಹುಡುಗಿ ಚೆನ್ನಾಗಿ ಹೇಳಿದಳು. ಬೆಂಕಿಯ ನಾಲಿಗೆಯ ಹಾಗೆ ಬುಡ ಹಳದಿ, ತುದಿ ಕೆಂಪು ಇರುವ ಹೂವು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. “ಹೆಣ್ಣು ಹುಟ್ಟಿದರೆ?” ಅಂತ ಎಪಿ ಹುಡುಗಿ ಕೇಳಿದಳು. ಆ ಚರ್ಚೆಗೆ ಇನ್ನೊಂದು ಭಾನುವಾರ ಬೇಕು, ಬಿಡಿ.

ನನಗೆ ಬೇಕಾಗಿದ್ದ ಪಾಠ ಅಲ್ಲೇ ಸಿಕ್ಕಿತು. ಅಜ್ಜನದ್ದು ಸರಕಾರ ಕೊಟ್ಟ ವಿನಾಯಿತಿ. ಅವಧಿ ಮುಗಿದ ಮೇಲೆ ಮುಂದುವರಿಸಬಹುದು, ಬಿಡಬಹುದು. ಟೆಕ್ಸಾಸಿನ ಮನುಷ್ಯನದ್ದು ಸಂವಿಧಾನದಲ್ಲೇ ಬರೆದ ಹಕ್ಕು. ಅದನ್ನು ತೆಗೆಯಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಉಳಿದ ನಮಗೆಲ್ಲ 1959ರ ಆಯುಧ ಕಾಯ್ದೆ. ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಆಗಿ, ಲೈಸೆನ್ಸ್ ಸಿಕ್ಕರೆ ಉಂಟು.

ನಮ್ಮವರು ಈ ಹಕ್ಕನ್ನು ಕೇಳಲೇ ಇಲ್ಲವೇ? ಕೇಳಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಲೈಸೆನ್ಸ್ ಇಲ್ಲದೆ ಭಾರತೀಯರು ಆಯುಧ ಇಟ್ಟುಕೊಳ್ಳಬಾರದು ಅಂದ ಬ್ರಿಟಿಷರ 1878ರ ಆಯುಧ ಕಾಯ್ದೆಯ ಮೇಲಿನ ಸಿಟ್ಟು ಅದು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಮೂಲಭೂತ ಹಕ್ಕುಗಳಿಗೆ ಸೇರಿಸಿ ಅಂತ ತಿದ್ದುಪಡಿ ತಂದರು. ಸಭೆ ಒಪ್ಪಲಿಲ್ಲ. ಈ ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ ಅಂದ ಕೂಡಲೇ ಅರ್ಧ ಕ್ಲಾಸು ಬೆನ್ನು ನೆಟ್ಟಗೆ ಮಾಡಿ ಕೂತಿತು. ಊರಿನ ಅಭಿಮಾನ ಮೂರನೇ ತಲೆಮಾರಿಗೂ ಇಳಿಯುತ್ತದೆ, ಏನ್ ಮಾಡೋದು.

ನನ್ನನ್ನು ಕೇಳಿದರೆ ಬಂದೂಕಿನ ಪುಟ ಓದಿನ ಕಸರತ್ತಿಗೆ ಒಳ್ಳೆಯದು. ಮಕ್ಕಳ ಬದುಕಿಗೆ ತಾಗುವುದು ನಾಲ್ಕನೆಯದು. ಅದನ್ನು ಬರೆದವರು ಬ್ಯಾರಿ ಫ್ರೀಡ್‌ಮನ್ ಮತ್ತು ಓರಿನ್ ಕರ್. ಇವರ ಜಂಟಿ ಪ್ರಬಂಧದ ಆರಂಭವೇ ಪಾಠ ಮಾಡುವವರಿಗೆ ಹಬ್ಬ. ನೀವು ಕಾರಿನಲ್ಲಿ ಹೋಗುತ್ತಿದ್ದೀರಿ, ವೇಗ ಹೆಚ್ಚಾಯಿತು ಅಂತ ಪೊಲೀಸ್ ನಿಲ್ಲಿಸುತ್ತಾನೆ, ಕೆಳಗಿಳಿಯಿರಿ ಅನ್ನುತ್ತಾನೆ. ಕಾರು ಶೋಧಿಸಬಹುದೇ? ಬಂಧಿಸಬಹುದೇ? ಹೀಗೆ ಶುರು.

ನಮ್ಮಲ್ಲಿ ಇದಕ್ಕೆ ನಾಕಾಬಂದಿ ಅನ್ನುವ ಹೆಸರೇ ಇದೆ. ನೆರೂಲಿನ ಹುಡುಗನ ಅಣ್ಣನನ್ನು ವಾಶಿಯ ಹತ್ತಿರ ರಾತ್ರಿ ತಡೆದು ಸ್ಕೂಟರಿನ ಡಿಕ್ಕಿ ತೆಗೆಸಿದ್ದರು. ಸಿಕ್ಕಿದ್ದು ಅಮ್ಮ ಕಳಿಸಿದ ನೀರುದೋಸೆಯ ಡಬ್ಬಿ. ಅಮೆರಿಕದಲ್ಲಾದರೆ ಹೇಗೆ ಅಂತ ಕೇಳಿದ. ಉತ್ತರ ಅಷ್ಟು ಸಲೀಸಲ್ಲ. ಕುಡಿದು ಓಡಿಸುವವರನ್ನು ಹಿಡಿಯಲು ರಸ್ತೆಯಲ್ಲಿ ಎಲ್ಲ ಗಾಡಿಗಳನ್ನೂ ಸ್ವಲ್ಪ ಹೊತ್ತು ನಿಲ್ಲಿಸಬಹುದು ಅಂತ 1990ರ ಸಿಟ್ಜ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿತು. ಮಾದಕ ದ್ರವ್ಯ ಹುಡುಕಲು ಇಂಡಿಯಾನಾಪೊಲಿಸ್ ಪೊಲೀಸರು ಹಾಗೇ ಎಲ್ಲರನ್ನೂ ತಡೆದಾಗ, 2000ರಲ್ಲಿ, ಅದು ಸಲ್ಲದು ಅಂದಿತು. ಒಂದು ರಸ್ತೆ ಸುರಕ್ಷತೆಯ ಮಾತು, ಇನ್ನೊಂದು ಸುಮ್ನೆ ಅಪರಾಧ ಹುಡುಕುವ ಬಲೆ. ಈ ಗೆರೆ ಎಲ್ಲಿದೆ ಅಂತ ಮಕ್ಕಳೇ ಹುಡುಕಬೇಕು, ಮಾಸ್ತರ ಹೇಳಿಕೊಡಬಾರದು.

ವೆಬ್‌ಸೈಟಿನ ಪ್ರಬಂಧದ ಜೊತೆ ನಾನೇ ಸೇರಿಸಿದ್ದು ಟಿ.ಎಲ್.ಒ. ಪ್ರಕರಣ (ಚಿಕ್ಕ ಹುಡುಗಿಯ ಹೆಸರಿನ ಬದಲು ಬರೇ ಮೊದಲಕ್ಷರಗಳು). ಶಾಲೆ ಮಕ್ಕಳಿಗೆ ಪಾಠ ಮಾಡುವವರು ಇದನ್ನು ಖಂಡಿತ ಬಿಡಬೇಡಿ. ನ್ಯೂಜೆರ್ಸಿಯ ಒಂದು ಹೈಸ್ಕೂಲು, 1980. ಹದಿನಾಲ್ಕು ವರ್ಷದ ಹುಡುಗಿ ಬಾತ್‌ರೂಮಿನಲ್ಲಿ ಸಿಗರೇಟ್ ಸೇದಿದಳು ಅಂತ ಟೀಚರ್ ಹಿಡಿದು ತಂದರು. ನಾನು ಸೇದುವುದೇ ಇಲ್ಲ ಅಂದಳು. ವೈಸ್ ಪ್ರಿನ್ಸಿಪಾಲ್ ಅವಳ ಪರ್ಸ್ ತೆರೆದರು. ಸಿಗರೇಟ್ ಪ್ಯಾಕ್ ಸಿಕ್ಕಿತು. ಅದನ್ನು ಎತ್ತುವಾಗ ಸಿಗರೇಟ್ ಸುತ್ತುವ ಕಾಗದ ಕಂಡಿತು, ಗಾಂಜಾ ಸೇದುವವರು ಬಳಸುವಂಥದ್ದು. ಆಮೇಲೆ ಪರ್ಸ್ ಪೂರ್ತಿ ಕೆದಕಿದರು. ಗಾಂಜಾ, ದುಡ್ಡು, ತನಗೆ ದುಡ್ಡು ಕೊಡಬೇಕಾದ ಮಕ್ಕಳ ಪಟ್ಟಿ, ಎಲ್ಲ ಹೊರಗೆ ಬಂತು.

ನಾನು ಕಥೆಯನ್ನು ಪ್ಯಾಕ್ ಸಿಕ್ಕಿದಲ್ಲಿಗೆ ನಿಲ್ಲಿಸಿ ಕೈ ಎತ್ತಿಸಿದೆ. ಮುಂದೆ ಹುಡುಕಬಹುದಾ? “ಸಿಗರೇಟ್ ಸಿಕ್ಕಿತಲ್ಲ ಸರ್, ಅಲ್ಲಿಗೆ ಕೆಲಸ ಮುಗಿಯಿತು” ಅಂದ ಒಬ್ಬ. “ಸುಳ್ಳು ಹೇಳಿದ್ದು ಗೊತ್ತಾದ ಮೇಲೆ ಬಿಡೋಕಾಗುತ್ತಾ?” ಅಂತ ಇನ್ನೊಬ್ಬಳು. ಕಾಗದ ಕಂಡ ಮೇಲೆ ಮತ ಬದಲಾಯಿಸಿದವರೂ ಇದ್ದರು. 1985ರಲ್ಲಿ ಸುಪ್ರೀಂ ಕೋರ್ಟು, ನಾಲ್ಕನೇ ತಿದ್ದುಪಡಿ ಶಾಲೆಯೊಳಗೂ ನಡೆಯುತ್ತದೆ, ಆದರೆ ಶಾಲೆಯವರಿಗೆ ವಾರಂಟ್ ಬೇಡ, ಸಕಾರಣ ಅನುಮಾನ ಇದ್ದರೆ ಸಾಕು ಅಂತು. ಹುಡುಗಿ ಸೋತಳು. ತಮ್ಮ ಶಾಲೆಯಲ್ಲಿ ಮೊಬೈಲ್ ಹುಡುಕಲು ಬ್ಯಾಗ್ ಸುರಿಸುತ್ತಾರಲ್ಲ, ಅದಕ್ಕೆ ಏನು ಅನುಮಾನ ಇರುತ್ತದೆ ಅಂತ ಮಕ್ಕಳು ತಮ್ಮತಮ್ಮಲ್ಲೇ ಲೆಕ್ಕ ಹಾಕುತ್ತಾ ಹೋದರು. ಮರುವಾರ ಒಂದು ಶಾಲೆಯಿಂದಲೂ ನನಗೆ ಫೋನ್ ಬರಲಿಲ್ಲ ಅನ್ನುವುದೇ ಸಮಾಧಾನ.

ಇನ್ನೊಂದು ಮ್ಯಾಪ್ ಪ್ರಕರಣ. 1957, ಕ್ಲೀವ್‌ಲ್ಯಾಂಡ್. ಪೊಲೀಸರು ಡಾಲ್ರೀ ಮ್ಯಾಪ್ ಎಂಬ ಹೆಂಗಸಿನ ಮನೆಗೆ ನುಗ್ಗಿ ಒಂದು ಕಾಗದ ಬೀಸಿದರು, ಇದೇ ವಾರಂಟ್ ಅಂತ. ಆಕೆ ಅದನ್ನು ಕಿತ್ತುಕೊಂಡು ರವಿಕೆಯೊಳಗೆ ತುರುಕಿಕೊಂಡರು. ಪೊಲೀಸರು ಎಳೆದಾಡಿ ವಾಪಸ್ ತೆಗೆದುಕೊಂಡರು. ಕೋರ್ಟಿನಲ್ಲಿ ಮಾತ್ರ ಯಾವ ವಾರಂಟೂ ಹಾಜರಾಗಲಿಲ್ಲ. ಹೀಗೆ ಸಿಕ್ಕ ಸಾಕ್ಷ್ಯವನ್ನು ರಾಜ್ಯಗಳ ಕೋರ್ಟುಗಳೂ ಬಳಸುವಂತಿಲ್ಲ ಅಂತ 1961ರಲ್ಲಿ ತೀರ್ಪಾಯಿತು.

ಇಲ್ಲಿಗೆ ಬಂದಾಗ ಈ ವೆಬ್‌ಸೈಟಿನ ಕೊರತೆ ಗೊತ್ತಾಗುತ್ತದೆ. ಕೊರತೆ ಅನ್ನುವುದೂ ಸರಿಯಲ್ಲ, ಅದು ಅಮೆರಿಕದವರಿಗೆ ಅಂತ ಮಾಡಿದ್ದು. ಆದರೆ ಮುಂಬೈಯ ಮಗು ಇದನ್ನಷ್ಟೇ ಓದಿ ಎದ್ದರೆ ಪೆಟ್ಟು ತಿನ್ನುತ್ತದೆ. ನಮ್ಮ ಸುಪ್ರೀಂ ಕೋರ್ಟು 1973ರ ಪೂರಣ್ ಮಲ್ ಪ್ರಕರಣದಲ್ಲಿ, ಶೋಧ ಕಾನೂನುಬಾಹಿರ ಆದರೂ ಸಿಕ್ಕ ಸಾಕ್ಷ್ಯ ಅಷ್ಟಕ್ಕೇ ಕಸವಾಗುವುದಿಲ್ಲ ಅಂದಿದೆ. ಪೊಲೀಸ್ ಅಧಿಕಾರಿ ತುರ್ತಿದ್ದಾಗ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆಯೂ ಶೋಧಿಸಲು ನಮ್ಮ ಕಾನೂನಿನಲ್ಲಿ ಅವಕಾಶ ಇದೆ. ನಮಗಿರುವ ರಕ್ಷಣೆ ಬೇರೆ ತರದ್ದು. ಮನೆ, ಅಂಗಡಿ ಶೋಧಿಸುವಾಗ ಆ ಜಾಗದ ಇಬ್ಬರು ಮರ್ಯಾದಸ್ಥರು ಪಂಚರಾಗಿ ಇರಬೇಕು, ಸಿಕ್ಕಿದ್ದರ ಪಟ್ಟಿ ಮಾಡಿ ಸಹಿ ಹಾಕಬೇಕು. ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧವನ್ನು ವಿಡಿಯೊ ಮಾಡಬೇಕು.

ಪಂಚನಾಮೆ ಅಂದಾಗ ಹೋಟೆಲಿನವರ ಮಗನಿಗೆ ಹಿಡಿದು ನಿಲ್ಲಿಸಲಾಗದ ಉತ್ಸಾಹ. ಅವನಪ್ಪ ಎಷ್ಟೋ ಸಲ ಪಂಚರಾಗಿ ಹೋಗಿದ್ದಾರೆ. ಸ್ಟೇಷನ್ನಿನ ಎದುರಿಗೇ ಹೋಟೆಲು ಇದ್ದರೆ ಹಾಗೇ, ಅಲ್ವಾ? ಸಂಜೆ ಅವರೇ ಬಂದರು. “ಮಾಸ್ಟ್ರೇ, ನಾನು ಓದದೆ ಸಹಿ ಹಾಕುವುದಿಲ್ಲ. ಪೆಟ್ಟಿಗೆಯಲ್ಲಿ ಎಷ್ಟು ನೋಟು ಇತ್ತು, ಎಣಿಸಿ ಬರೆಯಿರಿ ಅಂತೇನೆ. ಅವರಿಗೆ ಬೇಜಾರಾಗ್ತದೆ, ಆಗ್ಲಿ” ಅಂದರು. ಯಾವ ಪ್ರಬಂಧದಲ್ಲೂ ಇರದ ಪಾಠ ಅದು. ಅವರನ್ನು ಮುಂದಿನ ಕ್ಲಾಸಿಗೆ ಕರೆದು ಮಾತಾಡಿಸಿದೆ.

ನಮ್ಮ ಸಂವಿಧಾನದಲ್ಲಿ ನಾಲ್ಕನೇ ತಿದ್ದುಪಡಿಯಂಥದ್ದು ಯಾಕಿಲ್ಲ ಅನ್ನುವುದೂ ಸ್ವಾರಸ್ಯದ ಕಥೆ. 1948ರ ಅದೇ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅಂಥದೇ ಕಲಮು ಸೇರಿಸಲು ತಿದ್ದುಪಡಿ ತಂದರು. ಅವರೂ ಕಾಮತರ ಹಾಗೆ ಮಧ್ಯಪ್ರಾಂತ ಮತ್ತು ಬೇರಾರಿನಿಂದ ಬಂದ ಸದಸ್ಯರು. ಅಂಬೇಡ್ಕರ್ ಅದನ್ನು ಒಪ್ಪಲು ತಯಾರಿದ್ದರು. ಇಂಥ ರಕ್ಷಣೆ ಶಾಸಕಾಂಗದ ಕೈಗೆ ಸಿಗದಂತೆ ಸಂವಿಧಾನದಲ್ಲಿದ್ದರೆ ಒಳ್ಳೆಯದೇ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಮತಕ್ಕೆ ಹಾಕುವಾಗ ಗೊಂದಲವಾಯಿತು, ಕೊನೆಗೆ ಬಿದ್ದುಹೋಯಿತು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, ನಮ್ಮ ಸಂವಿಧಾನದಲ್ಲಿ ಅಂಥ ಕಲಮು ಇಲ್ಲ ಅನ್ನುವುದನ್ನೇ ಹಿಡಿದು, ಅಮೆರಿಕದ ಆ ಹಕ್ಕನ್ನು ಎಳೆದು ತಂದು ಇಲ್ಲಿ ಸೇರಿಸಲಾಗದು ಅಂದಿತು. ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಕ್ಲಾಸು ಮತ್ತೆ ಬೆನ್ನು ನೆಟ್ಟಗೆ ಮಾಡಿತು.

ಫ್ರೀಡ್‌ಮನ್ ಮತ್ತು ಕರ್ ಬಿಡಿಬಿಡಿಯಾಗಿ ಬರೆದದ್ದು ಇನ್ನೂ ಗಟ್ಟಿ. ಯಾರ ಮೇಲೂ ಅನುಮಾನವಿಲ್ಲದೆ ಎಲ್ಲರನ್ನೂ ಶೋಧಿಸುವ ಈಗಿನ ಪೊಲೀಸ್ ಪದ್ಧತಿಯ ಬಗ್ಗೆ ಒಬ್ಬರ ಚಿಂತೆ. ಕಂಪ್ಯೂಟರ್, ಫೋನು ಬಂದ ಮೇಲೆ ಹಳೆಯ ನಿಯಮ ಹೇಗೆ ಹೊಂದಿಸುವುದು ಅನ್ನುವುದು ಇನ್ನೊಬ್ಬರ ಚಿಂತೆ. ಇದನ್ನು ಹನ್ನೊಂದನೇ ಕ್ಲಾಸಿನ ಕೆಳಗಿನವರಿಗೆ ಕೊಡಬೇಡಿ. ಇಂಗ್ಲಿಷ್ ಭಾರ, ನಿದ್ದೆ ಬರುತ್ತದೆ. ಅವರಿಗೆ ಎರಡು ತೀರ್ಪಿನ ಕಥೆ ಸಾಕು. ಬಂಧಿಸಿದವನ ಮೊಬೈಲ್ ತೆರೆಯುವ ಮೊದಲು ವಾರಂಟ್ ತನ್ನಿ ಅಂತ 2014ರ ರೈಲಿ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಒಬ್ಬನ 127 ದಿನದ ಓಡಾಟವನ್ನು ಪೊಲೀಸರು ಫೋನ್ ಕಂಪನಿಯಿಂದ ವಾರಂಟ್ ಇಲ್ಲದೆ ಪಡೆದದ್ದು ತಪ್ಪು ಅಂತ 5-4ರಿಂದ ತೀರ್ಪಾಯಿತು. ಮಕ್ಕಳು ತಮ್ಮ ಫೋನಿನ ಲೊಕೇಷನ್ ಹಿಸ್ಟರಿ ತೆರೆದು ನೋಡಿ ಬೆಚ್ಚಿಬಿದ್ದರು. ಹುಡುಗನೊಬ್ಬ ಟ್ಯೂಷನ್ ಬಿಟ್ಟು ಮರೀನ್ ಡ್ರೈವಿಗೆ ಹೋಗಿದ್ದು ಅಲ್ಲೇ ಬಯಲಾಯಿತು.

ಬರೇ ಅಂಕಕ್ಕೆ ಓದುವವರಿಗೆ ಇದು ನಿಧಾನ ಅನಿಸಬಹುದು. ಪ್ರಶ್ನೆ ಉತ್ತರ ಗಟ್ಟಿ ಹೊಡೆಸುವ ವಸ್ತು ಅಲ್ಲವೇ ಅಲ್ಲ. ಪಾಠ ಮಾಡುವವರು ಮೊದಲು ಕೂತು ಓದಬೇಕು, ಬೇಕಾದ ತುಂಡು ಆರಿಸಬೇಕು, ಹೊಸ ತೀರ್ಪು ಸೇರಿಸಬೇಕು, ನಮ್ಮ ಕಡೆಯದನ್ನು ಪಕ್ಕದಲ್ಲಿ ಇಡಬೇಕು. ಅದಕ್ಕೆ ಸಂವಿಧಾನ ಸಭೆಯ ಚರ್ಚೆಗಳು ಬೇಕು. ಬೆಂಗಳೂರಿನ ಸೆಂಟರ್ ಫಾರ್ ಲಾ ಆ್ಯಂಡ್ ಪಾಲಿಸಿ ರಿಸರ್ಚ್ ಅವನ್ನು ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಎರಡನ್ನೂ ಜೊತೆಗಿಟ್ಟುಕೊಂಡರೆ ಇಡೀ ಟರ್ಮಿಗೆ ಬೇರೇನೂ ಬೇಡ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಭಾರದ ಇಂಗ್ಲಿಷಿಗೆ.

ಈ ಭಾನುವಾರ ಆ ಡಿಸೆಂಬರಿನ ಚರ್ಚೆಯನ್ನು ಮಕ್ಕಳು ನಾಟಕದ ಹಾಗೆ ಓದುತ್ತಾರೆ. ಅಂಬೇಡ್ಕರ್ ಪಾತ್ರ ಎಪಿ ಹುಡುಗಿಗೆ, ಕರೀಮುದ್ದೀನ್ ನೆರೂಲಿನ ಹುಡುಗನಿಗೆ ಅಂತ ಸುಲಭದಲ್ಲಿ ತೀರ್ಮಾನ ಆಯಿತು. ಕಾಮತ್ ಪಾತ್ರ ಮಾತ್ರ ಇನ್ನೂ ಬಗೆಹರಿದಿಲ್ಲ. ಮಂಗಳೂರಿನವರು ನಾವು ಅಂತ ಹೋಟೆಲಿನವರ ಮಗ, ಮನೆಯಲ್ಲಿ ಕೋವಿ ಇರುವುದು ನನಗೆ ಅಂತ ಕೊಡಗಿನ ಹುಡುಗಿ.